ನಿಮಗಿದು ಗೊತ್ತೇ? ಮಾನಿಟರಿನ ಹಳದಿ ಹಳದಿಯೇ ಅಲ್ಲ!

ಕಂಪ್ಯೂಟರಿನಲ್ಲಿ ಚೆಂಡುಹೂವಿನ ಫೋಟೊ ತೆರೆಯಿರಿ. ಎಂಥ ಹಳದಿ! ಈಗ ಒಂದು ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ. ಹಳದಿ ಮಾಯ! ಅಲ್ಲಿರುವುದು ಕೆಂಪು, ಹಸಿರು ಗೀಟುಗಳು ಅಷ್ಟೆ. ಮಾನಿಟರಿಗೆ ಬರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣ. ಹಳದಿಯನ್ನು ಕಲಸಿಕೊಳ್ಳುವುದು ನಿಮ್ಮ ಕಣ್ಣು ಮತ್ತು ಮಿದುಳು!

ಸಾಮಾನ್ಯ ಫುಲ್ ಎಚ್‌ಡಿ ಎಲ್‌ಸಿಡಿ ಪರದೆಯಲ್ಲಿ ಇಂಥ ಪುಟಾಣಿ ಗೀಟುಗಳು ಎಷ್ಟಿವೆ, ಊಹಿಸಿ ನೋಡೋಣ. 62,20,800! ಒಂದೊಂದಕ್ಕೂ 256 ಮಟ್ಟದ ಬೆಳಕು. ಮೂರನ್ನೂ ಬೆರೆಸಿದರೆ ಸಿಗುವ ಬಣ್ಣಗಳು 1,67,77,216!

ಇಷ್ಟೆಲ್ಲ ಇದ್ದರೂ ಎರಡು ಮಾನಿಟರುಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಫೋಟೊ ತೆರೆದರೆ ಬಣ್ಣ ಹೊಂದುವುದು ಅಪರೂಪ. ಒಂದೇ ಕಂಪನಿ, ಒಂದೇ ಮಾಡೆಲ್ ಆದರೂ ಅಷ್ಟೆ. ಫೋಟೊ ತಿದ್ದುವವರು ಮಾನಿಟರನ್ನು ಕ್ಯಾಲಿಬ್ರೇಟ್ ಮಾಡುವುದು, ಅಂದರೆ ಅಳತೆಗೆ ಸರಿಹೊಂದಿಸುವುದು, ಇದೇ ಕಾರಣಕ್ಕೆ.

ಮದುವೆ ಆಲ್ಬಮ್ ಕೈಗೆ ಬಂದಾಗ “ಅಯ್ಯೋ, ಎಲ್ಲರ ಮುಖವೂ ಕಪ್ಪಗೆ ಬಂದಿದೆ” ಎಂಬ ದೂರು ಕೇಳಿದ್ದೀರಾ? ಬೈಸಿಕೊಳ್ಳುವುದು ಪ್ರಿಂಟ್ ಹಾಕಿದ ಲ್ಯಾಬ್. ಆದರೆ ಎಷ್ಟೋ ಸಲ ಕಿತಾಪತಿ ಮಾಡಿದ್ದು ಎಡಿಟ್ ಮಾಡಿದವರ ಮಾನಿಟರಿನ ಬ್ರೈಟ್‌ನೆಸ್! ಹೊಸ ಮಾನಿಟರುಗಳು ಪೆಟ್ಟಿಗೆಯಿಂದ ಹೊರಬಂದಾಗ 250, 300 ನಿಟ್ಸ್ (ಬೆಳಕಿನ ಅಳತೆ) ಮಟ್ಟದಲ್ಲಿ ಝಗಝಗಿಸುವುದುಂಟು. ಪ್ರಿಂಟಿಗಾಗಿ ಕೆಲಸ ಮಾಡುವವರು ಇಟ್ಟುಕೊಳ್ಳುವುದು 80ರಿಂದ 120 ಮಾತ್ರ. ಪರದೆ 300ರಲ್ಲಿ ಬೆಳಗಿದರೆ ಫೋಟೊ ಬೇಕಾದ್ದಕ್ಕಿಂತ ಬೆಳ್ಳಗಿದೆ ಅನಿಸುತ್ತದೆ. ನಾವೇ ಕೈಯಾರೆ ಕಪ್ಪು ಮಾಡುತ್ತೇವೆ. ಕಾಗದಕ್ಕೆ ಸ್ವಂತ ಬೆಳಕು ಎಲ್ಲಿಂದ ಬರಬೇಕು, ಪಾಪ! ಬೇರೇನೂ ಮಾಡದಿದ್ದರೂ ಬ್ರೈಟ್‌ನೆಸ್ ಒಂದನ್ನು ಇಳಿಸಿಬಿಡಿ. ಕಾಸಿಲ್ಲದೆ ಆಗುವ ಕೆಲಸ!

ಮೇಣದಬತ್ತಿಯ ಕೆಂಪು ಬೆಳಕು ಬೆಚ್ಚಗೆ, ನೀಲಿ ಬೆಳಕು ತಣ್ಣಗೆ ಅನಿಸುತ್ತದಲ್ಲ? ಬೆಳಕಿನ ಬಣ್ಣವನ್ನು ಉಷ್ಣತೆಯಲ್ಲಿ ಅಳೆಯುವ ಲೆಕ್ಕ ಪೂರ್ತಿ ಉಲ್ಟಾ! ಮೇಣದಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್. ಮಾನಿಟರಿನ ಬಿಳಿಗೆ ಇಡುವ ಗುರಿ 6,500 ಕೆಲ್ವಿನ್. ಇನ್ನೂ ಮೇಲೇರಿದರೆ ಬಿಳಿ ಇನ್ನಷ್ಟು ನೀಲಿ!

ಆಗ ಹೇಳಿದ 256 ಮಟ್ಟಗಳಲ್ಲಿ ಸೊನ್ನೆ ಎಂದರೆ ಕಪ್ಪು, 255 ಎಂದರೆ ಬಿಳಿ. ನಡುವಿನ 128 ಕೊಟ್ಟರೆ ಪರದೆ ಅರ್ಧ ಬೆಳಕು ಕೊಡಬೇಕು ತಾನೇ? ಕೊಡುವುದು ಶೇ 22ರಷ್ಟು ಮಾತ್ರ! ಆದರೂ ನಿಮ್ಮ ಕಣ್ಣಿಗೆ ಅದು ನಟ್ಟನಡುವಿನ ಬೂದು. ಈ ಏರಿಳಿತಕ್ಕೆ ಗಾಮಾ ಎನ್ನುತ್ತಾರೆ, ಬೆಲೆ 2.2. ಆ್ಯಪಲ್ ಕಂಪ್ಯೂಟರುಗಳು ಮಾತ್ರ 2009ರವರೆಗೂ 1.8 ಹಿಡಿದು ಕೂತಿದ್ದವು. ಹಾಗಾಗಿ ಒಂದರಲ್ಲಿ ಸರಿಯಾಗಿ ಕಂಡ ಫೋಟೊ ಇನ್ನೊಂದರಲ್ಲಿ ಮಬ್ಬು!

“ನನ್ನ ಕಣ್ಣು ಚೆನ್ನಾಗಿದೆ, ನೋಡಿಯೇ ಸರಿಮಾಡುತ್ತೇನೆ” ಅಂದಿರಾ? ಸ್ವಲ್ಪ ತಾಳಿ. ಅಮೆರಿಕದ ಎಂಐಟಿಯ ಎಡ್ವರ್ಡ್ ಆಡೆಲ್ಸನ್ 1995ರಲ್ಲಿ ಚದುರಂಗದ ಹಾಸಿನ ಚಿತ್ರವೊಂದನ್ನು ಮಾಡಿದರು. ಅದರ ಮೇಲೊಂದು ಕಂಬ, ಕಂಬದ ನೆರಳು. ಒಂದು ಚೌಕ ಕಪ್ಪಗೆ, ನೆರಳಿನಲ್ಲಿರುವ ಇನ್ನೊಂದು ಬೆಳ್ಳಗೆ. ಅಳೆದು ನೋಡಿದರೆ ಎರಡೂ ಒಂದೇ ಬೂದು! ಗೊತ್ತಾದ ಮೇಲೆ ಮತ್ತೆ ನೋಡಿ. ಕಣ್ಣು ಮತ್ತೆ ಮೋಸಹೋಗುತ್ತದೆ!

ರಾತ್ರಿ ಕಣ್ಣಿಗೆ ಹಿತವೆಂದು ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಇದೆಯಲ್ಲ? ಹಚ್ಚಿದ ಗಳಿಗೆಯಲ್ಲಿ ಎಲ್ಲವೂ ಕಷಾಯದ ಬಣ್ಣ. ಸ್ವಲ್ಪ ಹೊತ್ತು ಕಳೆಯಲಿ, ಅದೇ ಬಿಳಿ ಅನಿಸುತ್ತದೆ! ಫೋಟೊ ತಿದ್ದುವಾಗ ಅದನ್ನು ಆರಿಸಿಡಿ, ಮರೆಯಬೇಡಿ.

ಈ ಹಾಳು ಮರುಳಿಗೆ ಒಳಗಾಗದವನು ಒಬ್ಬನಿದ್ದಾನೆ. ಕಲರಿಮೀಟರ್! ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರ. ಪರದೆ ಅರ್ಧ ಗಂಟೆ ಬೆಚ್ಚಗಾಗಲಿ, ಆಮೇಲೆ ಇದನ್ನು ಅದರ ಮುಖದ ಮೇಲೆ ಇಳಿಬಿಡಿ. ಯಂತ್ರದ ವೈರ್‌ಗೆ ಒಂದು ತೂಕದ ಬಿಲ್ಲೆ ಇರುತ್ತದೆ, ಅದು ಮಾನಿಟರಿನ ಬೆನ್ನಿಗೆ ಜೋತುಬೀಳುತ್ತದೆ. ಪರದೆಯನ್ನು ತುಸು ಹಿಂದಕ್ಕೆ ವಾಲಿಸಿದರೆ ಯಂತ್ರ ಗಪ್ಪನೆ ಅಂಟಿ ಕೂರುತ್ತದೆ. ಅದರ ಕೆಳಗೆ ಕೆಂಪು, ಹಸಿರು, ನೀಲಿ, ಬೂದು ಚೌಕಗಳು ಒಂದರ ಹಿಂದೊಂದು ಮಿಂಚುತ್ತವೆ. ಯಂತ್ರ ಪ್ರತಿಯೊಂದನ್ನೂ ಅಳೆದು, ನಿಮ್ಮ ಪರದೆ ಎಲ್ಲಿ ಎಷ್ಟು ತಪ್ಪುತ್ತದೆ ಎಂಬ ಕಡತ ತಯಾರಿಸುತ್ತದೆ. ಅದೇ ಐಸಿಸಿ ಪ್ರೊಫೈಲ್. ಕೆಲವೇ ನಿಮಿಷದ ಕೆಲಸ! ಹಳೆಯ ಫೋಟೊಗಳನ್ನು ಆಗ ತೆರೆದು ನೋಡಬೇಕು, ಬೆರಗಾಗುತ್ತೀರಿ!

ನಿಮ್ಮ ಅಂಗಿಯೂ ಫೋಟೊ ಕೆಡಿಸಬಲ್ಲದು! ಕಡುಗೆಂಪು ಟೀಶರ್ಟ್ ತೊಟ್ಟು ಕೂತರೆ ಅದರ ಬೆಳಕು ಪರದೆಯಲ್ಲಿ ಪ್ರತಿಫಲಿಸುತ್ತದೆ. ಕಟ್ಟುನಿಟ್ಟಿನವರು ಬೂದು ಗೋಡೆಯ ಕೋಣೆಯಲ್ಲಿ ಕೂತು, ಮಾಸಲು ಬಟ್ಟೆ ತೊಟ್ಟು ಕೆಲಸ ಮಾಡುತ್ತಾರೆ.

ಸರಿ, ಆ ಯಂತ್ರಕ್ಕೆ “ಮನುಷ್ಯನ ಕಣ್ಣಿಗೆ ಬಣ್ಣ ಹೀಗೆ ಕಾಣುತ್ತದೆ” ಎಂದು ಹೇಳಿಕೊಟ್ಟವರು ಯಾರು? ಬರೀ 17 ಜನ! 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ 10 ಮಂದಿಯ ಕಣ್ಣು ಪರೀಕ್ಷಿಸಿದರು, ಜಾನ್ ಗಿಲ್ಡ್ 7 ಮಂದಿಯದು. 1931ರಲ್ಲಿ ಅದನ್ನೇ ಆಧಾರವಾಗಿಟ್ಟು ಜಗತ್ತಿಗೆಲ್ಲ ಒಂದು ಅಳತೆ ಕಟ್ಟಿದರು. ಇವತ್ತಿಗೂ ಬಣ್ಣದ ಅಳತೆಗೆ ಅದೇ ತಳಪಾಯ!

ಅಡೋಬಿ ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಯ ಹೆಸರನ್ನು ಕ್ಯಾಮೆರಾದ ಮೆನುವಿನಲ್ಲಿ ನೋಡಿರುತ್ತೀರಿ. ಅದು ಹುಟ್ಟಿದ್ದು ತಪ್ಪಿನಿಂದ! ಫೋಟೊಶಾಪ್ 5 ತಯಾರಿಸುವಾಗ ಟಿವಿ ಮಾನದಂಡವೊಂದರ ಸಂಖ್ಯೆಗಳನ್ನು ತೆಗೆದುಕೊಂಡರು, ತೆಗೆದುಕೊಂಡಿದ್ದು ಸರಿಯಿರಲಿಲ್ಲ. ತಿದ್ದೋಣ ಎಂದರೆ ಅಷ್ಟರಲ್ಲಿ ಬಳಸುವವರಿಗೆ ಅದೇ ಇಷ್ಟವಾಗಿತ್ತು. ಹೆಸರು ಬದಲಾಯಿಸಿ 1998ರಲ್ಲಿ ಹಾಗೆಯೇ ಉಳಿಸಿಕೊಂಡರು!

ಕೊಡಕ್ ಕಂಪನಿಯ ಪ್ರೊಫೋಟೊ ಆರ್‌ಜಿಬಿ ಇನ್ನೂ ವಿಚಿತ್ರ. ಅದರಲ್ಲಿ ಯಾವ ಮನುಷ್ಯನೂ ನೋಡಲಾಗದ, ಇಲ್ಲವೇ ಇಲ್ಲದ ಬಣ್ಣಗಳಿಗೂ ಸಂಖ್ಯೆಗಳಿವೆ!

ಇದಕ್ಕೆ ತದ್ವಿರುದ್ಧವಾದದ್ದು ಮಜೆಂಟಾ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕಾಮನಬಿಲ್ಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ!

ಈಗ ನನಗೆ ಅತಿ ಇಷ್ಟವಾದದ್ದು. 1861ರ ಮೇ ತಿಂಗಳು, ಲಂಡನ್. ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬಣ್ಣದ ಪಟ್ಟಿಗಳಿರುವ ರಿಬ್ಬನ್ನಿನ ಫೋಟೊಗಳನ್ನು ತೋರಿಸಿದರು. ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಅವನ್ನು ತೆಗೆಸಿದ್ದರು. ಮೂರನ್ನೂ ಆಯಾ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿದಾಗ ಗೋಡೆಯ ಮೇಲೆ ಬಣ್ಣದ ರಿಬ್ಬನ್! ನಿಮ್ಮ ಮಾನಿಟರ್ ಇವತ್ತು ಮಾಡುವುದೂ ಅದನ್ನೇ. ತಮಾಷೆ ಏನು ಗೊತ್ತೇ? ಆ ಕಾಲದ ಫೋಟೊ ಗಾಜಿಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ! ಹಾಗಾದರೆ ಕೆಂಪು ಮೂಡಿದ್ದು ಹೇಗೆ? ಉತ್ತರ ಸಿಕ್ಕಿದ್ದು ನೂರು ವರ್ಷದ ನಂತರ, ಕೊಡಕ್‌ನ ಸಂಶೋಧಕರಿಗೆ. ರಿಬ್ಬನ್ನಿನ ಕೆಂಪು ಬಟ್ಟೆ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ಹಿಂದಕ್ಕೆ ಎಸೆಯುತ್ತಿತ್ತು. ಕೆಂಪು ಫಿಲ್ಟರ್ ಅದನ್ನು ಒಳಗೆ ಬಿಟ್ಟಿತು, ಗಾಜು ಅದನ್ನೇ ಹಿಡಿಯಿತು. ಮೂರು ಬಣ್ಣ ಬೆರೆಸುವ ಫೋಟೊಗಳ ಚರಿತ್ರೆ ಶುರುವಾದದ್ದು ಇಂಥ ಅದೃಷ್ಟದಿಂದ!

ಕೊನೆಯದೊಂದು. ಜಪಾನಿನ ಐಜೋ ಕಂಪನಿಯ ಕೆಲವು ಮಾನಿಟರುಗಳಿಗೆ ಅಳೆಯುವ ಯಂತ್ರ ಹೊರಗಿನಿಂದ ಬೇಕೇ ಇಲ್ಲ. ನೀವು ಇಟ್ಟ ಸಮಯಕ್ಕೆ ಚೌಕಟ್ಟಿನೊಳಗಿಂದ ಪುಟ್ಟ ಸಂವೇದಕ ಹೊರಬಂದು, ಪರದೆಯನ್ನು ಅಳೆದು, ತಾನೇ ಸರಿಮಾಡಿ, ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ನೀವು ಎದುರಿಗೆ ಇರಬೇಕೆಂದೂ ಇಲ್ಲ!