ಆಟಿಸಂ: ಪರವೂರಿನಲ್ಲಿ ನಮಗೆ ಯಾರು ಆಸರೆ?



ಮಗುವಿಗೆ ಎರಡು ವರ್ಷ ತುಂಬಿದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನೇ ತಿರುಗಿಸುತ್ತಾ ಕೂರುತ್ತದೆ. ಊರಿಗೆ ಫೋನ್ ಮಾಡಿದರೆ "ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು, ಗಾಬರಿ ಬೇಡ" ಎಂಬ ಸಮಾಧಾನ. ಹೀಗೆ ಕಾಯುತ್ತಾ ಕಳೆಯುವ ತಿಂಗಳುಗಳೇ ಮಗುವಿನ ಪಾಲಿಗೆ ಅತ್ಯಂತ ಬೆಲೆಯುಳ್ಳವು.

ಆಟಿಸಂ ಅಥವಾ ಸ್ವಲೀನತೆ ಎಂದರೆ ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ. ತಾಯಿ ಕೆಲಸಕ್ಕೆ ಹೋದದ್ದರಿಂದಾಗಲಿ, ಲಸಿಕೆ ಹಾಕಿಸಿದ್ದರಿಂದಾಗಲಿ ಇದು ಬರುವುದಿಲ್ಲ. ಇದನ್ನು ಪೂರ್ತಿ "ವಾಸಿ ಮಾಡುವ" ಔಷಧಿಯೂ ಇಲ್ಲ. ಲಕ್ಷಗಟ್ಟಲೆ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಪ್ರಯೋಜನವಾಗುತ್ತದೆಂದು ಸಾಬೀತಾಗಿಲ್ಲ. ಫಲ ಕೊಡುವುದು ಬೇಗ ಶುರುವಾಗುವ ತರಬೇತಿ ಮತ್ತು ಮನೆಯವರ ತಾಳ್ಮೆ.

ಮೊದಲು ಎಲ್ಲಿಗೆ ಹೋಗಬೇಕು?

ಮಕ್ಕಳ ವೈದ್ಯರಿಗೆ ಅನುಮಾನವನ್ನು ನೇರವಾಗಿ ಹೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿಯೇ ಉಚಿತ ಕೇಂದ್ರಗಳಿವೆ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆಯಿದೆ. ಚೆನ್ನೈನವರಿಗೆ ಮುಟ್ಟುಕಾಡಿನಲ್ಲಿ 2005ರಲ್ಲಿ ಶುರುವಾದ ಬಹುವಿಧ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ ಇದೆ. ದೆಹಲಿಯಲ್ಲಿ 1991ರಿಂದ ಆ್ಯಕ್ಷನ್ ಫಾರ್ ಆಟಿಸಂ, ಮುಂಬಯಿಯಲ್ಲಿ ಉಮೀದ್ ಮತ್ತು ಪೋಷಕರದೇ ಆದ ಫೋರಂ ಫಾರ್ ಆಟಿಸಂ, ಪುಣೆಯಲ್ಲಿ ಪ್ರಸನ್ನ ಆಟಿಸಂ ಸೆಂಟರ್ ಕೆಲಸ ಮಾಡುತ್ತಿವೆ.

ಕನ್ನಡ ಬಿಡಬೇಕೆ?

ಇದು ನಮ್ಮಂಥ ಕುಟುಂಬಗಳದ್ದೇ ಪ್ರಶ್ನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷ್. "ಮಗು ಗೊಂದಲಗೊಳ್ಳುತ್ತದೆ, ಒಂದೇ ಭಾಷೆ ಆಡಿ" ಎಂಬ ಸಲಹೆಯನ್ನು ಹಲವು ತಂದೆತಾಯಿಯರು ಕೇಳಿರುತ್ತಾರೆ. ಆದರೆ ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಮ್ಮನಿಗೆ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ಮಾತು ತುಂಡುತುಂಡಾಗುತ್ತದೆ. ಮುದ್ದು, ಹಾಡು, ತಮಾಷೆ ಎಲ್ಲ ಕಡಿಮೆಯಾಗುತ್ತವೆ. ಅಜ್ಜಿ ತಾತನ ಜೊತೆಗಿನ ನಂಟೂ ಕಡಿಯುತ್ತದೆ. ಆದ್ದರಿಂದ ನಿಮ್ಮ ಹೃದಯದ ಭಾಷೆಯಲ್ಲೇ ಮಾತಾಡಿ. ತರಬೇತಿಯಲ್ಲಿ "ವಾಟರ್" ಕಲಿತರೆ ಮನೆಯಲ್ಲಿ "ನೀರು" ಎಂದೂ ಹೇಳಿ, ಲೋಟ ತೋರಿಸಿ. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಕನ್ನಡದಲ್ಲೇ ಮಗುವನ್ನು ಪರೀಕ್ಷೆ ಮಾಡಿಸಬಹುದು.

ಕಾಗದಪತ್ರ ಯಾಕೆ ಬೇಕು?

"ಅಂಗವಿಕಲ" ಎಂಬ ಸರ್ಟಿಫಿಕೇಟ್ ಮಾಡಿಸಲು ಎಷ್ಟೋ ಮನೆಗಳಲ್ಲಿ ಮನಸ್ಸು ಒಪ್ಪುವುದಿಲ್ಲ. ಆದರೆ ಸೌಲಭ್ಯಗಳ ಬಾಗಿಲು ತೆರೆಯುವ ಕೀಲಿಕೈ ಅದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಯಾದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಈಗ ನೆಲೆಸಿರುವ ಜಿಲ್ಲೆಯಲ್ಲೇ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಅದು ದೇಶದೆಲ್ಲೆಡೆ ಸಲ್ಲುತ್ತದೆ, ವರ್ಗಾವಣೆಯಾದರೂ ಚಿಂತೆಯಿಲ್ಲ. ಸರ್ಕಾರದ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು. ಸಿಬಿಎಸ್‌ಇ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಸಿಗುತ್ತವೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ.

ನಮ್ಮ ನಂತರ?

ಪ್ರತಿ ತಂದೆತಾಯಿಯ ನಿದ್ದೆ ಕೆಡಿಸುವ ಪ್ರಶ್ನೆ ಇದು. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ಅವರು ವಯಸ್ಕರು. ತಂದೆತಾಯಿ ಎಂಬ ಒಂದೇ ಕಾರಣಕ್ಕೆ ಬ್ಯಾಂಕಿನಲ್ಲಿ ಅವರ ಪರವಾಗಿ ಸಹಿ ಹಾಕಲಾಗದು. ಪೋಷಕತ್ವದ ಅಗತ್ಯ ಇದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಜೀವನಪರ್ಯಂತ ವಾಸಕ್ಕೆ "ಘರೌಂದಾ" ಎಂಬ ಯೋಜನೆಯೂ ಇದೆ, ಆದರೆ ಅಂಥ ಮನೆಗಳು ಬೇಡಿಕೆಗೆ ಹೋಲಿಸಿದರೆ ತೀರಾ ಕಡಿಮೆ. ಹಾಗಾಗಿಯೇ ಹಲವು ಕಡೆ ಪೋಷಕರು ಒಟ್ಟಾಗಿ ತಾವೇ ಇಂಥ ಮನೆ ಕಟ್ಟಲು ಹೊರಟಿದ್ದಾರೆ.

ಕೊನೆಯದಾಗಿ, ನೋಡಿಕೊಳ್ಳುವವರನ್ನೂ ಯಾರಾದರೂ ನೋಡಿಕೊಳ್ಳಬೇಕಲ್ಲ! ಮನಸ್ಸು ಸೋತಾಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಉಚಿತ ಸೇವೆ ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಇನ್ನು ನೆರೆಮನೆಯವರು, ಕನ್ನಡ ಸಂಘದವರು ಮಾಡಬಹುದಾದದ್ದು ಬಹಳ ಸುಲಭ. ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಆ ಕುಟುಂಬವನ್ನು ತಪ್ಪದೆ ಕರೆಯಿರಿ. ಧ್ವನಿವರ್ಧಕದಿಂದ ದೂರದಲ್ಲಿ ಒಂದು ಶಾಂತವಾದ ಕೋಣೆ ಬಿಟ್ಟುಕೊಡಿ. ಮಗು ಕಿವಿ ಮುಚ್ಚಿಕೊಂಡು ಕಿರುಚಿದರೆ ಎಲ್ಲರೂ ತಿರುಗಿ ನೋಡಬೇಡಿ. ಅಮ್ಮನಿಗೆ ಅರ್ಧ ಗಂಟೆ ಕೂತು ಊಟ ಮಾಡಲು ಬಿಡುವು ಕೊಡಿ. ಅಷ್ಟೇ ಸಾಕು, ಮುಂದಿನ ಸಲವೂ ಅವರು ಬಂದೇ ಬರುತ್ತಾರೆ.