ಅರ್ಧ ಗಂಟೆಗೇ ಡೇಟಾ ಖಾಲಿ: ಕಳ್ಳ ಎಲ್ಲಿದ್ದಾನೆ?

ದಾವಣಗೆರೆ: ಚೌಕಿಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಮೊನ್ನೆ ರೀಚಾರ್ಜ್ ಅಂಗಡಿಗೆ ಬಂದವರೇ ಕೂಗಾಡಿಬಿಟ್ಟರು. "ದಿನಕ್ಕೆ ಒಂದೂವರೆ ಜಿ.ಬಿ. ಅಂತೀರಿ. ಮಧ್ಯಾಹ್ನ ಅರ್ಧ ಸಿನಿಮಾ ನೋಡಿದ್ರೆ ಖಾಲಿ! ಸಾಯಂಕಾಲ ಗಿರಾಕಿ ದುಡ್ಡು ಹಾಕಿದ್ರೆ ಬಂತೋ ಇಲ್ಲೋ ಅಂತ ಫೋನು ತೋರ್ಸೋದೇ ಇಲ್ಲ. ವ್ಯಾಪಾರ ಹೆಂಗೆ ಮಾಡ್ಲಿ ತಮ್ಮಾ?"

ಅಂಗಡಿಯ ಹುಡುಗ ಫೋನು ಇಸ್ಕೊಂಡು ನೋಡಿ ನಕ್ಕ. "ಸಾವ್ಕಾರ್ರೇ, ಕಳ್ಳ ನಿಮ್ಮ ಕೈಯಾಗೇ ಅದಾನೆ. ಆರಿಂಚಿನ ಪರದೆಗೆ 1080 ಇಟ್ಕಂಡೀರಿ!"

ಹುಡುಗನ ಮಾತು ಸುಳ್ಳಲ್ಲ.

ಚುಕ್ಕಿಯ ಲೆಕ್ಕ

ಪರದೆಯ ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. 480, 720, 1080 ಎಂಬುದು ಮೇಲಿನಿಂದ ಕೆಳಗಿನವರೆಗೆ ಇರುವ ಚುಕ್ಕಿ ಸಾಲುಗಳ ಸಂಖ್ಯೆ. 720ರಲ್ಲಿ ಒಟ್ಟು ಸುಮಾರು 9 ಲಕ್ಷ ಚುಕ್ಕಿ. 1080ರಲ್ಲಿ 20 ಲಕ್ಷಕ್ಕೂ ಮಿಕ್ಕಿ. ಫೋರ್-ಕೆ ಎಂದರೆ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ!

ಚುಕ್ಕಿ ಹೆಚ್ಚಿದಂತೆ ಖರ್ಚೂ ಹೆಚ್ಚು. ನೆಟ್‌ಫ್ಲಿಕ್ಸ್ ಕಂಪನಿಯೇ ಕೊಟ್ಟ ಲೆಕ್ಕದಂತೆ ಗಂಟೆಗೆ ಮಧ್ಯಮ ಗುಣಮಟ್ಟಕ್ಕೆ ಮುಕ್ಕಾಲು ಜಿ.ಬಿ.ಯೊಳಗೆ, ಎಚ್.ಡಿ.ಗೆ 3 ಜಿ.ಬಿ.ವರೆಗೆ, ಫೋರ್-ಕೆಗೆ 7 ಜಿ.ಬಿ.ವರೆಗೆ. ಎಚ್.ಡಿ.ಯಲ್ಲಿ ನೋಡಿದರೆ ಒಂದೂವರೆ ಜಿ.ಬಿ. ಅರ್ಧ ಗಂಟೆಗೇ ಮಂಗಮಾಯವಾಗಬಹುದು.

1982ರ ಏಷ್ಯನ್ ಕ್ರೀಡಾಕೂಟವನ್ನು ದೂರದರ್ಶನದಲ್ಲಿ ಕಂಡವರಿಗೆ ನೆನಪಿರಬಹುದು. ಆಗ ಬರುತ್ತಿದ್ದದ್ದು 625 ಗೆರೆ, ಅದರಲ್ಲಿ ಚಿತ್ರ ಮೂಡುತ್ತಿದ್ದದ್ದು 576. ಆದರೂ ನೋಡಿದವರು ಖುಷಿಪಟ್ಟರೇ ಹೊರತು ಗೆರೆ ಎಣಿಸಲಿಲ್ಲ. ಇನ್ನು 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ವೇಳೆ ಜಾಲದ ಭಾರ ಇಳಿಸಲು ವಿಡಿಯೋ ಕಂಪನಿಗಳು ಮೊಬೈಲ್ ಜಾಲದಲ್ಲಿ 480ಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದು ಒಪ್ಪಿದವು. ಆಗಲೂ ಮನೆಮನೆಯಲ್ಲಿ ಸಿನಿಮಾ ನಿಲ್ಲಲಿಲ್ಲ.

ಟಿ.ವಿ. ಕೊಳ್ಳುವವರೇ, ಅಂಗುಲ ಅಳೆಯಿರಿ

ಹಬ್ಬದ ರಿಯಾಯಿತಿಯಲ್ಲಿ "ಫೋರ್-ಕೆ" ಚೀಟಿ ಕಂಡು ಜೇಬಿಗೆ ಕೈ ಹಾಕುವ ಮೊದಲು ಮನೆಯ ಹಾಲ್ ಅಳೆಯುವುದು ವಾಸಿ. 43 ಇಂಚಿನ ಸೆಟ್ಟಿನಿಂದ ಆರಡಿ ಆಚೆ ಕೂತರೆ 1080ಕ್ಕೂ ಫೋರ್-ಕೆಗೂ ಇರುವ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಹಿಡಿಯದು. 55 ಇಂಚಾದರೆ ಏಳಡಿಯೊಳಗೆ ಕೂತವರಿಗೆ ಮಾತ್ರ ಅದರ ಲಾಭ. "ಎಚ್.ಡಿ. ರೆಡಿ" ಎಂದು ಮಾರುವ 32 ಇಂಚಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಇರುವುದೇ 768 ಸಾಲು. ಅದಕ್ಕೆ ದೊಡ್ಡ ಚಿತ್ರ ಬಿಡುವುದೆಂದರೆ ಚೊಂಬಿಗೆ ಕೊಡ ಸುರಿದಂತೆ!

ಮನೆಗೆ ಫೈಬರ್ ಇದ್ದು ಡೇಟಾ ಚಿಂತೆ ಇಲ್ಲದವರ ಮಾತು ಬೇರೆ. ಅವರೂ ವೇಗ ನೋಡಿಕೊಳ್ಳಬೇಕು. 720ಕ್ಕೆ 3 ಎಂ.ಬಿ.ಪಿ.ಎಸ್., 1080ಕ್ಕೆ 5, ಫೋರ್-ಕೆಗೆ 15 ಬೇಕೆಂಬುದು ನೆಟ್‌ಫ್ಲಿಕ್ಸ್ ಸಲಹೆ. ಅಷ್ಟು ವೇಗವಿಲ್ಲದೆ ಹಟ ಹಿಡಿದರೆ ಹೀರೋ ಕೈ ಎತ್ತುತ್ತಾನೆ, ಚಕ್ರ ತಿರುಗುತ್ತದೆ, ವಿಲನ್ನಿಗೆ ಏಟೇ ಬೀಳುವುದಿಲ್ಲ!

ಹಾಗಾದರೆ ಎಷ್ಟಿಡಬೇಕು?

ಹರಿಹರದ ಬಸ್ಸಿನಲ್ಲಿ ಕೂತು ಫೋನು ನೋಡುವವರಿಗೆ 480 ಧಾರಾಳ. ಕ್ರಿಕೆಟ್ಟಿನ ಚೆಂಡು ಸ್ಪಷ್ಟ ಕಾಣಬೇಕೆಂದರೆ 720. 32 ಇಂಚಿನ ಟಿ.ವಿ.ಗೆ 720, 43ಕ್ಕೆ 1080 ಸಾಕು. "ಆಟೋ" ಎಂದು ಬಿಟ್ಟರೆ ಯಂತ್ರ ಜಾಲದ ವೇಗ ನೋಡುತ್ತದೆ, ನಿಮ್ಮ ಪ್ಯಾಕಿನ ಗತಿ ನೋಡುವುದಿಲ್ಲ. ಯೂಟ್ಯೂಬಿನ ಸೆಟ್ಟಿಂಗ್‌ನಲ್ಲಿ "ವಿಡಿಯೋ ಗುಣಮಟ್ಟ"ಕ್ಕೆ ಹೋಗಿ ಮೊಬೈಲ್ ಜಾಲಕ್ಕೆ "ಡೇಟಾ ಸೇವರ್" ಒಮ್ಮೆ ಒತ್ತಿಟ್ಟರೆ ಕೆಲಸ ಮುಗಿಯಿತು.

ಚೌಕಿಪೇಟೆಯ ಸಾಹುಕಾರರು 480ಕ್ಕೆ ಇಳಿದು ಈಗ ವಾರವಾಯಿತು. "ಹೀರೋ ಅವನೇ, ಹಾಡೂ ಅದೇ" ಎನ್ನುತ್ತಾರೆ. "ಸಂಜೆ ಗಿರಾಕಿ ದುಡ್ಡು ಹಾಕಿದ್ರೆ ಫೋನು ಟಣ್ ಅಂತೈತಿ. ನಂಗೆ ಅದಕ್ಕಿಂತ ಚೆಂದದ ಸಿನಿಮಾ ಯಾವ್ದೈತಿ?"