ಫಂಡಿಂಗ್ ಸುದ್ದಿಯನ್ನ ಶಿಡ್ಲಘಟ್ಟದಿಂದ ಓದೋದು ಹೇಗೆ?

‘ಇಂಥ ಸ್ಟಾರ್ಟಪ್‌ಗೆ ಇಷ್ಟು ಕೋಟಿ ಫಂಡಿಂಗ್.’ ಟೆಕ್ ಸುದ್ದಿತಾಣಗಳಲ್ಲಿ ದಿನಾ ಕಾಣೋ ಸಾಲಿದು. ಈ ಸಾಲು ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ತಿಳೀಬೇಕಂದ್ರೆ ಕೋರಮಂಗಲದಲ್ಲಿ ಕೂತರೆ ಸಾಲದು. ವೀಕೆಂಡ್‌ನಲ್ಲಿ ಟೆಕ್ಕಿಗಳು ಸ್ಕಂದಗಿರಿ ಹತ್ತಿ ವಾಪಸ್ ಹೋಗ್ತಾರಲ್ಲ, ಅಲ್ಲಿಂದ ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟಕ್ಕೆ ಬರಬೇಕು.

ಶಿಡ್ಲಘಟ್ಟದ್ದು ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು. ಗೂಡು ಬಿಡಿಸಿದ ರೈತ ಒಳ್ಳೆ ರೇಟಿಗೆ ಅಂತ ಕಾಯೋ ಹಾಗಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ನೂಲು ಬಿಚ್ಚೋಕೆ ಆಗಲ್ಲ. ಹಾಗಾಗಿ ಅವನಿಗೆ ಬೇಕಿರೋದು ಎರಡೇ: ನ್ಯಾಯವಾದ ಬೆಲೆ, ಕೈಗೆ ಬೇಗ ದುಡ್ಡು.

ಬೆಂಗಳೂರಿನ ‘ರೇಷಾಮಂಡಿ’ ಈ ಸರಪಳಿಗೇ ಕೈ ಹಾಕಿತ್ತು. 2020ರಲ್ಲಿ ಶುರುವಾಗಿ, ರೈತ, ರೀಲರ್, ನೇಕಾರರನ್ನ ಆ್ಯಪ್ ಮೂಲಕ ಬೆಸೆಯೋಕೆ ಹೊರಟಿತು. 2021ರಲ್ಲಿ ಸುಮಾರು 3 ಕೋಟಿ ಡಾಲರ್ ಬಂದಾಗ ಸುದ್ದಿಯೋ ಸುದ್ದಿ. 2024ರ ಹೊತ್ತಿಗೆ ಅದೇ ಕಂಪನಿ ಸಿಬ್ಬಂದಿಯನ್ನ ಕೆಲಸದಿಂದ ತೆಗೆದದ್ದು, ಬಿಕ್ಕಟ್ಟಿಗೆ ಸಿಕ್ಕಿದ್ದು ವರದಿಯಾಯ್ತು.

ಮೊದಲ ಸುದ್ದಿ ಸುಳ್ಳೇನಲ್ಲ. ಆದರೆ ಹೂಡಿಕೆ ಅಂದರೆ ಲಾಭ ಅಲ್ಲ; ಮುಂದೆ ಗಳಿಸ್ತಾರೆ ಅನ್ನೋ ನಂಬಿಕೆಗೆ ಕೊಟ್ಟ ದುಡ್ಡು. ವ್ಯಾಲ್ಯುಯೇಶನ್ ಕೂಡ ಲೆಕ್ಕಾಚಾರವೇ. 10% ಪಾಲಿಗೆ ಒಬ್ಬರು 10 ಕೋಟಿ ಕೊಟ್ಟರೆ ಕಂಪನಿ ಬೆಲೆ 100 ಕೋಟಿ ಅಂತಾಗುತ್ತೆ, ಬ್ಯಾಂಕಿನಲ್ಲಿ ಅಷ್ಟು ದುಡ್ಡಿದೆ ಅಂತಲ್ಲ. ವಹಿವಾಟು ಮತ್ತು ಆದಾಯವೂ ಬೇರೆ ಬೇರೆ. ಆ್ಯಪ್ ಮೂಲಕ 1 ಲಕ್ಷದ ಗೂಡು ಮಾರಾಟವಾಗಿ ಕಂಪನಿಗೆ 2% ಕಮಿಷನ್ ಸಿಕ್ಕರೆ, ಅದರ ಆದಾಯ 2 ಸಾವಿರ ಮಾತ್ರ. ಹೆಡ್‌ಲೈನ್‌ಗೆ ಬರೋದು ಯಾವುದು ಅಂತ ನೋಡಿ.

ಇನ್ನು ಬರೆಯೋರ ಕಡೆ. ಸುದ್ದಿತಾಣಕ್ಕೂ ದುಡ್ಡು ಬೇಕು: ಜಾಹೀರಾತು, ಪ್ರಾಯೋಜಿತ ಬರಹ, ಸಮಾವೇಶ, ಇಲ್ಲವೇ ಓದುಗರ ಚಂದಾ. ಶ್ರದ್ಧಾ ಶರ್ಮಾ 2008ರಲ್ಲಿ ಶುರು ಮಾಡಿದ ಬೆಂಗಳೂರಿನ ‘ಯುವರ್‌ಸ್ಟೋರಿ’, ಯಾರೂ ಕೇಳದ ಸಣ್ಣ ಉದ್ಯಮಿಗಳ ಕಥೆ ಹೇಳಿ ಬೆಳೆಯಿತು, ಕನ್ನಡ ಆವೃತ್ತಿಯನ್ನೂ ತಂದಿತ್ತು. 2015ರಲ್ಲಿ ಅದರಲ್ಲೇ ಹೂಡಿದವರಲ್ಲಿ ಕಲಾರಿ ಕ್ಯಾಪಿಟಲ್, ಕ್ವಾಲ್‌ಕಾಮ್ ವೆಂಚರ್ಸ್, ರತನ್ ಟಾಟಾ, ಮೋಹನ್‌ದಾಸ್ ಪೈ ಇದ್ದರು. ಅಂದರೆ ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕೋರೇ, ಸ್ಟಾರ್ಟಪ್ ಸುದ್ದಿ ಬರೆಯೋ ಸಂಸ್ಥೆಗೂ ಹಾಕಿದ್ದರು. ಇದರಿಂದ ಸುದ್ದಿ ತಿರುಚಿದರು ಅಂತ ಆಗಲ್ಲ. ಆದರೆ ಈ ನಂಟು ಓದುಗರಿಗೆ ಗೊತ್ತಿರಬೇಕು. 2016ರಲ್ಲಿ ಬೆಂಗಳೂರಲ್ಲೇ ಶುರುವಾದ ‘ದಿ ಕೆನ್’ ಚಂದಾ ದಾರಿ ಹಿಡಿಯಿತು. ಅಲ್ಲಿ ಓದುಗರೇ ಗಿರಾಕಿ. ಆದರೆ ದುಡ್ಡು ಕೊಡೋಕಾಗದವರಿಗೆ, ಇಂಗ್ಲಿಷ್ ಬಾರದವರಿಗೆ ಬಾಗಿಲು ಮುಚ್ಚಿರುತ್ತೆ.

ಹೂಡಿಕೆದಾರ ಹತ್ತು ಕಡೆ ದುಡ್ಡು ಹಾಕಿರ್ತಾನೆ, ಒಂದು ಮುಳುಗಿದರೂ ಬದುಕ್ತಾನೆ. ಆ್ಯಪ್ ನಂಬಿ ಗೂಡು ಮಾರೋ ರೈತನಿಗೆ ಇರೋದು ಒಂದೇ ಬೆಳೆ.

ಹಾಗಾಗಿ ಮುಂದಿನ ಫಂಡಿಂಗ್ ಸುದ್ದಿ ಓದುವಾಗ ಕೇಳಿ: ಅಂಕಿಅಂಶ ಕೊಟ್ಟವರು ಯಾರು, ಕಂಪನಿಯೋ, ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕಪತ್ರವೋ? ರೈತ, ರೀಲರ್, ಡೆಲಿವರಿ ಹುಡುಗರಲ್ಲಿ ಒಬ್ಬರನ್ನಾದರೂ ಮಾತಾಡಿಸಿದ್ದಾರಾ? ಕಂಪನಿ ನಿಂತರೆ ಬಾಕಿ ಯಾರ ತಲೆ ಮೇಲೆ? ಕನ್ನಡದಲ್ಲಿ ಸ್ಟಾರ್ಟಪ್ ಸುದ್ದಿ ಬರೆಯೋರು ಈ ಮೂರಕ್ಕೆ ಉತ್ತರ ತಂದರೆ, ಶಿಡ್ಲಘಟ್ಟದ ರೈತನಿಗೂ ಅದು ಓದಬೇಕಾದ ಸುದ್ದಿ ಆಗುತ್ತೆ.